ಲೇಸರ್ ಯಂತ್ರದ ಶಕ್ತಿಯನ್ನು ಅಳೆದು ಸರಿಹೊಂದಿಸುವುದು ಹೇಗೆ: ಚರ್ಮ ಚಿಕಿತ್ಸಾಲಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನದ ಒಂದು ಚರ್ಮ ಚಿಕಿತ್ಸಾಲಯದಲ್ಲಿ, ಅತಿ ಕಿರಿದಾದ ಬೆಳಕಿನ ಮಿಡಿತಗಳನ್ನು ಬಿಡುವ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರಿನ ಪರದೆ 500 ಮಿಲಿಜೂಲ್ ಎಂದು ತೋರಿಸುತ್ತಿದ್ದಾಗ, ಕಿರಣ ಹೊರಬರುವ ಹಿಡಿಯಾದ ಹ್ಯಾಂಡ್‌ಪೀಸಿನ ತುದಿಗೆ ಮೀಟರ್ ಹಿಡಿದು ನೋಡಿದೆ. ಬಂದದ್ದು 412. ಯಂತ್ರದಲ್ಲಿ ಯಾವ ಎಚ್ಚರಿಕೆಯ ಸಂದೇಶವೂ ಇರಲಿಲ್ಲ, ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ, ಅದನ್ನು ದಿನವೂ ಬಳಸುತ್ತಿದ್ದ ವೈದ್ಯೆಗೆ ಅನುಮಾನವೂ ಬಂದಿರಲಿಲ್ಲ. ಬಂಗು, ಹಚ್ಚೆ, ಹುಟ್ಟುಮಚ್ಚೆಗಳ ಚಿಕಿತ್ಸೆಗೆ ಈಗ ತಾಲ್ಲೂಕು ಕೇಂದ್ರಗಳಲ್ಲೂ ಇಂಥ ಯಂತ್ರಗಳು ಬಂದಿವೆ. ಅವುಗಳನ್ನು ಕೊಳ್ಳುವಾಗ ತೋರುವ ಎಚ್ಚರ ಅವುಗಳ ಶಕ್ತಿಯನ್ನು ಕಾಲಕಾಲಕ್ಕೆ ಅಳೆದು ನೋಡುವುದರಲ್ಲಿ ಕಾಣುವುದಿಲ್ಲ. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರಿನ ಚಿಕಿತ್ಸಾಲಯಗಳಿಗೆ ಬಯೋಮೆಡಿಕಲ್ ಎಂಜಿನಿಯರಾಗಿ ಹೋಗಿ ಬರುವ ನಾನು ಈ ಕೆಲಸವನ್ನು ಮಾಡುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕ್ಯಾಲಿಬ್ರೇಶನ್ ಎಂದರೆ ಪರದೆಯ ಅಂಕಿ ಮತ್ತು ಮೀಟರಿನ ಅಂಕಿ ಒಂದೇ ಆಗುವಂತೆ ಯಂತ್ರದೊಳಗಿನ ಗುಣಕವನ್ನು (ಶಕ್ತಿಯನ್ನು ಏರಿಸಿ ಇಳಿಸುವ ತಿದ್ದುಪಡಿ ಅಂಕಿಯನ್ನು) ತಿರುಗಿಸುವುದು ಎಂದೇ ಹಲವರು ತಿಳಿದಿದ್ದಾರೆ. ಅದು ಕೊನೆಯ ಹೆಜ್ಜೆ, ಎಷ್ಟೋ ಸಲ ಬೇಕಾಗದ ಹೆಜ್ಜೆ. ಮೊದಲ ಕೆಲಸ ಚರ್ಮಕ್ಕೆ ನಿಜವಾಗಿ ತಲುಪುತ್ತಿರುವುದು ಎಷ್ಟು ಎಂದು ಅಳೆಯುವುದು. ಎರಡನೆಯದು ವ್ಯತ್ಯಾಸ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕುವುದು. ಕಾರಣ ತಿಳಿಯದೆ ಗುಣಕ ಮುಟ್ಟಿದರೆ ರೋಗಿಯ ಚರ್ಮ ಸುಡಬಹುದು. ಇದು ಹೇಗೆ ಎಂಬುದನ್ನು ಮುಂದೆ ಲೆಕ್ಕದೊಡನೆ ತೋರಿಸುತ್ತೇನೆ.

ಅಳೆಯುತ್ತಿರುವುದು ಏನನ್ನು

ಪ್ರತಿ ಪಲ್ಸಿನಲ್ಲಿ, ಅಂದರೆ ಬೆಳಕಿನ ಒಂದೊಂದು ಮಿಡಿತದಲ್ಲಿ, ಹೊರಬರುವ ಶಕ್ತಿಯನ್ನು ಜೂಲ್ ಅಥವಾ ಮಿಲಿಜೂಲ್‌ಗಳಲ್ಲಿ ಹೇಳುತ್ತೇವೆ. ಅದನ್ನು ಸೆಕೆಂಡಿಗೆ ಬರುವ ಪಲ್ಸುಗಳ ಸಂಖ್ಯೆಯಿಂದ ಗುಣಿಸಿದರೆ ಸರಾಸರಿ ಪವರ್ ವಾಟ್‌ಗಳಲ್ಲಿ ಸಿಗುತ್ತದೆ: 500 ಮಿಲಿಜೂಲ್ ಪಲ್ಸು ಸೆಕೆಂಡಿಗೆ 5 ಸಲ ಬಂದರೆ 2.5 ವಾಟ್. ಆದರೆ ಚರ್ಮದ ಮೇಲಿನ ಪರಿಣಾಮವನ್ನು ನಿರ್ಧರಿಸುವುದು ಫ್ಲೂಯೆನ್ಸ್, ಅಂದರೆ ಒಂದು ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ. 4 ಮಿಲಿಮೀಟರ್ ವ್ಯಾಸದ ಸ್ಪಾಟಿನ (ಚರ್ಮದ ಮೇಲೆ ಕಿರಣ ಬೀಳುವ ಜಾಗದ) ವಿಸ್ತೀರ್ಣ ಸುಮಾರು 0.126 ಚದರ ಸೆಂಟಿಮೀಟರ್. ಅದರ ಮೇಲೆ 500 ಮಿಲಿಜೂಲ್ ಬಿದ್ದರೆ ಫ್ಲೂಯೆನ್ಸ್ ಸುಮಾರು 4 ಜೂಲ್. ಅಷ್ಟೇ ಶಕ್ತಿ 3 ಮಿಲಿಮೀಟರ್ ಸ್ಪಾಟಿಗೆ ಇಳಿದರೆ ಅದು 7 ಜೂಲ್ ದಾಟುತ್ತದೆ. ವ್ಯಾಸ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ, ಶಕ್ತಿಯ ಅಳತೆ ಸರಿಯಿದ್ದು ಸ್ಪಾಟಿನ ಗಾತ್ರ ತಪ್ಪಿದ್ದರೂ ಚಿಕಿತ್ಸೆ ತಪ್ಪುತ್ತದೆ. ಹಾಗಾಗಿ ಮೀಟರಿನ ಜೊತೆಗೆ, ಕಿರಣ ಬಿದ್ದಲ್ಲಿ ಗುರುತು ಮೂಡುವ ಬರ್ನ್ ಪೇಪರನ್ನೂ ಕಡ್ಡಾಯವಾಗಿ ಇಟ್ಟುಕೊಳ್ಳಬೇಕು.

ನಮ್ಮ ಕಡೆಯ ಜನರ ಚರ್ಮದಲ್ಲಿ ಮೆಲನಿನ್ ಹೆಚ್ಚು. ಹೆಚ್ಚಿನವರು, ಚರ್ಮವನ್ನು ಬಣ್ಣದ ಮೇಲೆ ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ 4 ಮತ್ತು 5ನೇ ಬಗೆಗೆ ಸೇರುತ್ತಾರೆ. ಮೆಲನಿನ್ ಲೇಸರ್ ಬೆಳಕನ್ನು ಹೀರಿ ಬಿಸಿಯಾಗುವುದರಿಂದ, ಬಿಳಿಯ ಚರ್ಮದಲ್ಲಿ ಬರೀ ಕೆಂಪಾಗಿ ಹೋಗುವ ಹೆಚ್ಚುವರಿ ಶಕ್ತಿ ಇಲ್ಲಿ ಗುಳ್ಳೆ ಎಬ್ಬಿಸಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬಿಡಬಹುದು. ತೋಟದಲ್ಲಿ ಬಿಸಿಲಿಗೆ ಬೆಂದು ಬಂಗು ಮೂಡಿಸಿಕೊಂಡ ಹೆಂಗಸು ಅದನ್ನು ಕಳೆದುಕೊಳ್ಳಲು ಬಂದು ಇನ್ನೊಂದು ಕಲೆ ಹೊತ್ತು ಹೋಗುವಂತಾಗಬಾರದು.

ವೈದ್ಯಕೀಯ ಲೇಸರುಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-22ರ ಪ್ರಕಾರ ಹೊರಬರುವ ಶಕ್ತಿಯು ನಿಗದಿಪಡಿಸಿದ ಮೌಲ್ಯದಿಂದ ಶೇ 20ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಇದು ಹೊರಗಿನ ಮಿತಿ. ಒಳ್ಳೆಯ ಮೀಟರಿನಲ್ಲೂ ಶೇ 3ರಿಂದ 5ರಷ್ಟು ಅನಿಶ್ಚಿತತೆ ಇರುವುದರಿಂದ, ವ್ಯತ್ಯಾಸ ಶೇ 10 ದಾಟಿತೆಂದರೆ ನಾನು ಕಾರಣ ಹುಡುಕಲು ತೊಡಗುತ್ತೇನೆ, 20ರವರೆಗೆ ಕಾಯುವುದಿಲ್ಲ.

ಮೀಟರಿನ ಆಯ್ಕೆ

ಒಂದೇ ಸೆನ್ಸರ್ ಎಲ್ಲ ಲೇಸರಿಗೂ ಹೊಂದುವುದಿಲ್ಲ. ಒಂದೊಂದು ಪಲ್ಸಿನ ಶಕ್ತಿಯನ್ನು ಬಿಡಿಬಿಡಿಯಾಗಿ ಅಳೆಯಲು ಪೈರೋಎಲೆಕ್ಟ್ರಿಕ್ ಸೆನ್ಸರ್ ಬೇಕು. ನಿರಂತರ ಕಿರಣದ ಅಥವಾ ಸರಾಸರಿ ಪವರಿನ ಅಳತೆಗೆ ಥರ್ಮೋಪೈಲ್ ಬೇಕು. ಅದು ಬಿಸಿಯನ್ನು ಆಧರಿಸಿ ಓದುವುದರಿಂದ ಅಂಕಿ ನೆಲೆಗೊಳ್ಳಲು ಕೆಲವು ಸೆಕೆಂಡು ಹಿಡಿಯುತ್ತದೆ. ಪೈರೋಎಲೆಕ್ಟ್ರಿಕ್ ಸೆನ್ಸರಿಗೆ ಗರಿಷ್ಠ ಪಲ್ಸ್ ಅವಧಿಯ ಮಿತಿಯಿದ್ದು, ನ್ಯಾನೊಸೆಕೆಂಡಿನ ಕ್ಯೂ-ಸ್ವಿಚ್ಡ್ ಪಲ್ಸನ್ನು ಸರಿಯಾಗಿ ಓದುವ ಸೆನ್ಸರು ಕೂದಲು ತೆಗೆಯುವ ಲೇಸರಿನ 30 ಮಿಲಿಸೆಕೆಂಡ್ ಪಲ್ಸನ್ನು ತಪ್ಪಾಗಿ ಓದಬಹುದು. ಕೊಳ್ಳುವ ಮೊದಲು ಸೆನ್ಸರಿನ ವಿವರಪಟ್ಟಿಯಲ್ಲಿ ತರಂಗಾಂತರ, ಪಲ್ಸ್ ಅವಧಿ, ಗರಿಷ್ಠ ಶಕ್ತಿ, ಕಿಂಡಿಯ ವ್ಯಾಸ ಮತ್ತು ಹಾನಿಯ ಮಿತಿ ಎಂಬ ಐದನ್ನೂ ನಿಮ್ಮ ಯಂತ್ರದ ಅಂಕಿಗಳೊಡನೆ ಹೋಲಿಸಿ ನೋಡಬೇಕು.

ಮೀಟರಿಗೂ ಕ್ಯಾಲಿಬ್ರೇಶನ್ ಆಗಬೇಕು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಪ್ರಯೋಗಾಲಯಗಳ ಮಾನದಂಡ ಐಎಸ್ಒ/ಐಇಸಿ 17025ರ ಪ್ರಕಾರ, ಅವುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರವಿರಲಿ. ಆ ಮಾನ್ಯತೆ ನಿಮ್ಮ ತರಂಗಾಂತರದ ಲೇಸರ್ ಶಕ್ತಿಯ ಅಳತೆಯನ್ನು ಒಳಗೊಂಡಿದೆಯೇ ಎಂಬುದನ್ನು ಅದರ ವ್ಯಾಪ್ತಿಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಮಾನ್ಯತೆಯ ಮುದ್ರೆ ಕಂಡ ಮಾತ್ರಕ್ಕೆ ತೃಪ್ತರಾಗಬಾರದು.

ಕೋಣೆಯ ಸಿದ್ಧತೆ

ಇವೆಲ್ಲ ನಾಲ್ಕನೆಯ ವರ್ಗದ ಲೇಸರುಗಳು. ನೇರ ಕಿರಣ ಮಾತ್ರವಲ್ಲ, ಸ್ಟೀಲ್ ಟ್ರೇಯಿಂದಲೋ ಕೈಗಡಿಯಾರದ ಗಾಜಿನಿಂದಲೋ ಪ್ರತಿಫಲಿಸಿದ ಕಿರಣವೂ ಕಣ್ಣು ಕಳೆಯಬಲ್ಲದು. ಎನ್‌ಡಿ-ಯಾಗ್ ಯಂತ್ರದ 1064 ನ್ಯಾನೊಮೀಟರ್ ತರಂಗಾಂತರದ ಕಿರಣ ಕಣ್ಣಿಗೆ ಕಾಣದೆ ನೇರ ರೆಟಿನಾಗೆ ಹೋಗುತ್ತದೆ. ಅಳೆಯುವವರಿಗೂ ಪಕ್ಕದಲ್ಲಿ ನಿಂತವರಿಗೂ ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕ ಇರಲೇಬೇಕು. 1064ಕ್ಕೆ ರಕ್ಷಣೆ ಕೊಡುವ ಕನ್ನಡಕ ಅದೇ ಯಂತ್ರದ ಇನ್ನೊಂದು ಕಿರಣವಾದ 532ಕ್ಕೂ ಕೊಡುತ್ತದೆ ಎಂದು ಊಹಿಸದೆ ಚೌಕಟ್ಟಿನ ಮೇಲೆ ಅಚ್ಚಾದ ತರಂಗಾಂತರ ಮತ್ತು ಓಡಿ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ) ಅಂಕಿಗಳನ್ನು ಓದಬೇಕು. ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ, ಕೈಯಿಂದ ಉಂಗುರ, ಗಡಿಯಾರ ಹೊರಗೆ. ಸ್ಪಿರಿಟ್ಟಿನಿಂದ ಒರೆಸಿದ ಯಾವುದೇ ಭಾಗ ಪೂರ್ತಿ ಆರುವ ತನಕ ಕಿರಣ ಬಿಡಬಾರದು.

ಯಂತ್ರದ ಹೊರಕವಚ ತೆಗೆಯುವುದು ತರಬೇತಿ ಪಡೆದ ಎಂಜಿನಿಯರಿಗೆ ಮಾತ್ರ ಬಿಟ್ಟ ಕೆಲಸ. ಒಳಗಿನ ಕೆಪಾಸಿಟರುಗಳು ಸ್ವಿಚ್ ಆರಿಸಿದ ಮೇಲೂ ಪ್ರಾಣಾಂತಿಕ ವೋಲ್ಟೇಜನ್ನು ಹಿಡಿದಿಟ್ಟುಕೊಂಡಿರುತ್ತವೆ. ಇಲ್ಲಿ ಹೇಳುತ್ತಿರುವ ಅಳತೆಗೆ ಕವಚ ತೆಗೆಯುವ ಅಗತ್ಯವಿಲ್ಲ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಜುಲೈ ತಿಂಗಳಲ್ಲಿ ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ಹೊರಗಿನ ಗಾಳಿ 24 ಡಿಗ್ರಿಯಿದ್ದು ತೇವಾಂಶ ಶೇ 95 ಇದ್ದರೆ, 23 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಹನಿ ಕಟ್ಟುತ್ತದೆ. ಎಸಿ ಕೋಣೆಯಲ್ಲಿ 20 ಡಿಗ್ರಿಗೆ ತಣಿದು ನಿಂತ ಹ್ಯಾಂಡ್‌ಪೀಸಿನ ಲೆನ್ಸು, ಯಾರೋ ಬಾಗಿಲು ತೆರೆದಿಟ್ಟ ಹತ್ತು ನಿಮಿಷದಲ್ಲಿ ಮಂಜಾಗುವುದನ್ನು ನಾನು ಟಾರ್ಚ್ ಹಿಡಿದು ನೋಡಿದ್ದೇನೆ: ಮೊದಲು ಅಂಚಿನಲ್ಲಿ ಬೆಳ್ಳಗೆ ಒಂದು ಬಳೆ ಮೂಡಿ, ಆಮೇಲೆ ಅದು ನಿಧಾನವಾಗಿ ನಡುವಿಗೆ ಹಬ್ಬಿತು. ಆ ಸ್ಥಿತಿಯಲ್ಲಿ ಕಿರಣ ಬಿಟ್ಟರೆ ಅಳತೆ ಕಡಿಮೆ ಬರುವುದಷ್ಟೇ ಅಲ್ಲ, ಹನಿಯ ಜಾಗದಲ್ಲಿ ಲೆನ್ಸಿನ ಲೇಪನ ಸುಟ್ಟು ಚುಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಡೀಹ್ಯುಮಿಡಿಫೈಯರ್ ಹಾಕಿ ತೇವಾಂಶವನ್ನು ಶೇ 60ರ ಒಳಗೆ ತಂದ ಮೇಲೆಯೇ ಯಂತ್ರ ಚಾಲು ಮಾಡಬೇಕು. ಎಸಿ ಕಾರಿನಲ್ಲಿ ತಂದ ಸೆನ್ಸರಿನ ಪೆಟ್ಟಿಗೆಯನ್ನೂ ಕೋಣೆಯ ಉಷ್ಣತೆಗೆ ಬರುವ ತನಕ, ಕನಿಷ್ಠ ಅರ್ಧ ಗಂಟೆ, ಮುಚ್ಚಿಯೇ ಇಡಬೇಕು.

ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಮತ್ತು ಅರ್ತಿಂಗ್ ನೋಡಿಕೊಂಡು, ತಣಿಸುವ ನೀರಿನ ಮಟ್ಟ ಪರೀಕ್ಷಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಅದಿಲ್ಲದಿದ್ದರೆ 20 ನಿಮಿಷ, ಯಂತ್ರವನ್ನು ಬೆಚ್ಚಗಾಗಲು ಬಿಡಿ. ಮೀಟರನ್ನೂ ಅದೇ ಹೊತ್ತಿಗೆ ಆನ್ ಮಾಡಿಡಿ.

ಅಳತೆ

ಮೊದಲು ಏನನ್ನೂ ಒರೆಸಬೇಡಿ. ಯಂತ್ರ ನಿನ್ನೆ ರೋಗಿಯ ಮೇಲೆ ಯಾವ ಸ್ಥಿತಿಯಲ್ಲಿ ಕೆಲಸ ಮಾಡಿತೋ ಅದೇ ಸ್ಥಿತಿಯ ಅಳತೆ ಮೊದಲು ದಾಖಲಾಗಬೇಕು. ಕೊಳೆ ಕಂಡ ಕೂಡಲೇ ಒರೆಸಿಬಿಟ್ಟರೆ ಈವರೆಗೆ ರೋಗಿಗಳಿಗೆ ಸಿಕ್ಕಿದ್ದು ಎಷ್ಟು ಎಂಬ ಮಾಹಿತಿ ಮತ್ತೆ ಸಿಗುವುದಿಲ್ಲ. ಲೆನ್ಸಿನ ಮೇಲೆ ನೀರಿನ ಹನಿ ಅಥವಾ ಬಿರುಕು ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಬೇಕು.

ಸೆನ್ಸರನ್ನು ಸ್ಟ್ಯಾಂಡಿಗೆ ಬಿಗಿದು, ಹ್ಯಾಂಡ್‌ಪೀಸನ್ನೂ ಕ್ಲ್ಯಾಂಪಿನಲ್ಲಿ ಕೂರಿಸಿ. ಕೈಯಲ್ಲಿ ಹಿಡಿದು ಅಳೆದ ಅಂಕಿಗಳನ್ನು ನಾನು ನಂಬುವುದಿಲ್ಲ. ಕಿರಣವೆಲ್ಲ ಸೆನ್ಸರಿನ ಕಿಂಡಿಯೊಳಗೇ ಬೀಳಬೇಕು, ಅಂಚು ಮುಟ್ಟಬಾರದು. ಸೆನ್ಸರಿನಿಂದ ಪ್ರತಿಫಲಿಸಿದ ಬೆಳಕು ಹ್ಯಾಂಡ್‌ಪೀಸಿನೊಳಕ್ಕೆ ಮರಳದಂತೆ ಒಂದೆರಡು ಡಿಗ್ರಿ ಓರೆ ಮಾಡಿ. ಕ್ಯೂ-ಸ್ವಿಚ್ಡ್ ಪಲ್ಸು ಕೆಲವೇ ನ್ಯಾನೊಸೆಕೆಂಡಿನದಾದ್ದರಿಂದ ಸಣ್ಣ ಸ್ಪಾಟಿನಲ್ಲಿ ಅದು ಸೆನ್ಸರಿನ ಲೇಪನವನ್ನೇ ಕಿತ್ತು ಹಾಕಬಲ್ಲದು. ಹ್ಯಾಂಡ್‌ಪೀಸಿನಲ್ಲಿರುವ ಅತಿ ದೊಡ್ಡ ಸ್ಪಾಟ್ ಆರಿಸಿ, ಹಾನಿಯ ಮಿತಿಯೊಡನೆ ಲೆಕ್ಕ ಹಾಕಿ, ಬೇಕಾದರೆ ತಯಾರಕರು ಕೊಟ್ಟ, ಕಿರಣವನ್ನು ಹರಡುವ ಡಿಫ್ಯೂಸರ್ ಹಾಕಿ. ಹಾಕಿದ ಮೇಲೆ ಮೀಟರಿಗೂ ಅದನ್ನು ತಿಳಿಸಬೇಕು. ಮೀಟರಿನಲ್ಲಿ ತರಂಗಾಂತರ ಸರಿಯಾಗಿ ಆಯ್ದುಕೊಳ್ಳುವುದು ಇದರಷ್ಟೇ ಮುಖ್ಯ. ಹಿಂದಿನ ಸಲ 532ಕ್ಕೆ ಇಟ್ಟದ್ದನ್ನು ಬದಲಾಯಿಸದೆ 1064 ಅಳೆದು ಇಡೀ ಮಧ್ಯಾಹ್ನ ಕಳೆದುಕೊಂಡವರಿದ್ದಾರೆ.

ಮೀಟರನ್ನು ಸೊನ್ನೆಗೆ ತಂದು, ಕಡಿಮೆ ಶಕ್ತಿಯಿಂದ ಆರಂಭಿಸಿ 100, 200, 300, 400, 500 ಮಿಲಿಜೂಲ್ ಹೀಗೆ ಏರುತ್ತ ಹೋಗಿ. ಪ್ರತಿ ಹಂತದಲ್ಲೂ ಮೊದಲ ಕೆಲವು ಪಲ್ಸುಗಳನ್ನು ಬಿಟ್ಟು, ನಂತರದ ಹತ್ತನ್ನು ಒಂದೊಂದಾಗಿ ಬರೆದುಕೊಳ್ಳಿ. ಆ ಹಾಸನದ ಯಂತ್ರದಲ್ಲಿ 500ರ ಹಂತಕ್ಕೆ ಬಂದ ಹತ್ತು ಅಂಕಿಗಳು ಇವು: 408, 415, 411, 417, 409, 412, 414, 406, 416, 412. ಒಟ್ಟು 4120, ಸರಾಸರಿ 412. ನಿಗದಿತ 500ಕ್ಕಿಂತ 88 ಕಡಿಮೆ, ಅಂದರೆ ಶೇ 17.6 ಕೊರತೆ. ಹತ್ತೂ ಅಂಕಿಗಳು ಸರಾಸರಿಯ ಶೇ 1.5ರೊಳಗೇ ಇರುವುದನ್ನು ಗಮನಿಸಿ. ಪಲ್ಸಿನಿಂದ ಪಲ್ಸಿಗೆ ಯಂತ್ರ ಸ್ಥಿರವಾಗಿದೆ. ಉಳಿದ ಹಂತಗಳಲ್ಲಿ 100ಕ್ಕೆ 82.5, 200ಕ್ಕೆ 165, 300ಕ್ಕೆ 248, 400ಕ್ಕೆ 330 ಬಂತು.

ಆಮೇಲೆ ಸ್ಪಾಟಿನ ಪರೀಕ್ಷೆ. ಬರ್ನ್ ಪೇಪರನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚಿಕಿತ್ಸೆಯ ವೇಳೆ ಚರ್ಮವಿರುವ ದೂರದಲ್ಲೇ ಹಿಡಿದು, ಕಡಿಮೆ ಶಕ್ತಿಯ ಒಂದೇ ಪಲ್ಸ್ ಬಿಡಿ. ಚೀಲವಿಲ್ಲದಿದ್ದರೆ ಕಾಗದದ ಮಸಿ ಹಾರಿ ಲೆನ್ಸಿಗೇ ಅಂಟುತ್ತದೆ. ಗುರುತು ದುಂಡಗೆ, ಎಲ್ಲೆಡೆ ಒಂದೇ ಬಣ್ಣದಲ್ಲಿರಬೇಕು. ಅರ್ಧಚಂದ್ರದಂತೆ ಕಂಡರೆ ಕನ್ನಡಿಗಳ ಜೋಡಣೆ ತಪ್ಪಿದೆ; ನಡುವೆ ಗಾಢ ಚುಕ್ಕೆಯಿದ್ದರೆ ಶಕ್ತಿ ಒಂದೆಡೆ ಗುಂಪಾಗಿದೆ, ಒಟ್ಟು ಅಂಕಿ ಸರಿಯಿದ್ದರೂ ಆ ಬಿಂದುವಿನಲ್ಲಿ ಚರ್ಮ ಸುಡುತ್ತದೆ. ಗುರುತಿನ ವ್ಯಾಸವನ್ನು ಭೂತಗನ್ನಡಿಯಲ್ಲಿ ನೋಡಿ ವರ್ನಿಯರ್‌ನಿಂದ ಅಳೆದು ಬರೆದಿಡಿ. ಶಕ್ತಿ ಬದಲಾದಂತೆ ಗುರುತಿನ ಅಳತೆಯೂ ತುಸು ಬದಲಾಗುವುದರಿಂದ ಪ್ರತಿ ಭೇಟಿಯಲ್ಲೂ ಒಂದೇ ಶಕ್ತಿಯನ್ನು ಬಳಸಿ ಹಿಂದಿನ ಕಾಗದದೊಡನೆ ಹೋಲಿಸಬೇಕು.

ಅಂಕಿಗಳು ಹೇಳುವುದೇನು

ಕೊರತೆಯ ರೀತಿಯೇ ಕಾರಣದ ಜಾಡು ಕೊಡುತ್ತದೆ. ಮೇಲಿನ ಉದಾಹರಣೆಯಲ್ಲಿ ಎಲ್ಲ ಹಂತದಲ್ಲೂ ಕೊರತೆ ಶೇ 17.5ರ ಆಸುಪಾಸಿನಲ್ಲೇ ಇತ್ತು. ಹೀಗೆ ಒಂದೇ ಪ್ರಮಾಣದ ಕೊರತೆಯಿದ್ದರೆ ಲೇಸರ್ ಬೆಳಕು ಸರಿಯಾಗಿ ಹುಟ್ಟುತ್ತಿದೆ, ದಾರಿಯಲ್ಲಿ ಎಲ್ಲೋ ನಷ್ಟವಾಗುತ್ತಿದೆ ಎಂದರ್ಥ: ರಕ್ಷಣಾ ಗಾಜಿನ ಕೊಳೆ, ಕಿರಣ ಸಾಗಿಸುವ ಕೀಲುಗೈಯೊಳಗಿನ ಕನ್ನಡಿಯ ಸವೆತ, ಫೈಬರಿನ ತುದಿಯ ಸುಡುಗಲೆ. ಹೆಚ್ಚಿನ ಶಕ್ತಿಯ ಹಂತಗಳಲ್ಲಿ ಮಾತ್ರ ಕೊರತೆ ಬಂದರೆ ಲೇಸರಿಗೆ ಶಕ್ತಿ ಊಡುವ ಫ್ಲ್ಯಾಶ್ ಲ್ಯಾಂಪ್ ಮುದಿಯಾಗಿದೆ, ಅಥವಾ ಪವರ್ ಸಪ್ಲೈ ಪೂರ್ತಿ ಚಾರ್ಜ್ ಆಗುತ್ತಿಲ್ಲ. ಅಂಕಿಗಳು ಪಲ್ಸಿನಿಂದ ಪಲ್ಸಿಗೆ ಹಾರಾಡಿದರೆ ಲ್ಯಾಂಪ್, ಕ್ಯೂ-ಸ್ವಿಚ್ ಅಥವಾ ತಣಿಸುವ ವ್ಯವಸ್ಥೆಯನ್ನು ಅನುಮಾನಿಸಬೇಕು. 1064 ಸರಿಯಿದ್ದು 532 ಮಾತ್ರ ಕುಸಿದಿದ್ದರೆ ತರಂಗಾಂತರವನ್ನು ಅರ್ಧಕ್ಕಿಳಿಸುವ ಕೆಟಿಪಿ ಹರಳಿನ ಕಡೆ ನೋಡಬೇಕು.

ಹಾಗಾದರೆ ಪರದೆ ಏಕೆ 500 ಎಂದೇ ಹೇಳುತ್ತಿತ್ತು? ಅನೇಕ ಯಂತ್ರಗಳಲ್ಲಿ ಕಿರಣದ ಸಣ್ಣ ಪಾಲನ್ನು ಒಳಗೇ ಕವಲೊಡೆಸಿ ಒಂದು ಡಿಟೆಕ್ಟರಿಗೆ ಕಳಿಸಿ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ಆ ಡಿಟೆಕ್ಟರಿನ ನಂತರದ ದಾರಿಯಲ್ಲಿ ಏನಾಗುತ್ತಿದೆ ಎಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಇನ್ನು ಕೆಲವು ಯಂತ್ರಗಳಲ್ಲಿ ಹ್ಯಾಂಡ್‌ಪೀಸನ್ನು ಮುಂಭಾಗದ ಕ್ಯಾಲಿಬ್ರೇಶನ್ ಪೋರ್ಟಿಗೆ ಸಿಕ್ಕಿಸಿ ಸ್ವಯಂ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಅಪಾಯ ತಿರುಗುಮುರುಗಾಗಿದೆ: ಪೋರ್ಟಿನ ಗಾಜು ಕೊಳೆಯಾದರೆ ಒಳಗಿನ ಡಿಟೆಕ್ಟರ್ ಕಡಿಮೆ ಓದುತ್ತದೆ, ಯಂತ್ರ ಕೊರತೆಯಾಯಿತೆಂದು ತಾನಾಗಿ ಶಕ್ತಿ ಏರಿಸುತ್ತದೆ, ಚರ್ಮಕ್ಕೆ ಪರದೆಯ ಅಂಕಿಗಿಂತ ಹೆಚ್ಚು ಬೀಳುತ್ತದೆ. ಪೋರ್ಟನ್ನು ಒರೆಸುವ ಕೆಲಸವನ್ನು ಸಿಬ್ಬಂದಿಯ ನಿತ್ಯದ ಪಟ್ಟಿಗೆ ಸೇರಿಸಬೇಕೆಂದು ನಾನು ಎಲ್ಲೆಡೆ ಒತ್ತಾಯಿಸುವುದು ಇದಕ್ಕೇ.

ಈಗ ಒರೆಸಿ. ಯಂತ್ರವನ್ನು ಸ್ಟ್ಯಾಂಡ್‌ಬೈಗೆ ತಂದು ಕೀಲಿ ತೆಗೆದು, ರಕ್ಷಣಾ ಗಾಜನ್ನು ಬಿಚ್ಚಿ, ಲೆನ್ಸ್ ಟಿಶ್ಯೂವಿಗೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಒಂದೇ ದಿಕ್ಕಿನಲ್ಲಿ ಒಂದೇ ಸಲ ಎಳೆಯಬೇಕು. ಅದೇ ಟಿಶ್ಯೂವನ್ನು ಮತ್ತೆ ಬಳಸಬಾರದು. ಆ ಯಂತ್ರದ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಹಚ್ಚೆ ತೆಗೆಯುವಾಗ ಸಿಡಿದ ಚರ್ಮದ ಸಣ್ಣ ಕಣಗಳು ಕಂದು ಪುಡಿಯಂತೆ ಅಂಟಿದ್ದವು, ಒಂದು ಅಂಚಿನಲ್ಲಿ ಬೂಷ್ಟಿನ ತೆಳು ಎಳೆಗಳಿದ್ದವು. ಒರೆಸಿ, ಆರಲು ಬಿಟ್ಟು ಮತ್ತೆ ಅಳೆದಾಗ 500ಕ್ಕೆ 489 ಬಂತು. ಕೊರತೆ ಶೇ 2.2. ಗುಣಕ ಮುಟ್ಟುವ ಅಗತ್ಯವೇ ಬರಲಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಳೆಗಾಲದ ಸಂಜೆ, ಇಂಥದೇ ಯಂತ್ರದಲ್ಲಿ ಇಷ್ಟೇ ಕೊರತೆ ಕಂಡು, ಗಾಜನ್ನು ಬಿಚ್ಚಿಯೂ ನೋಡದೆ ಸರ್ವೀಸ್ ಮೆನುವಿನಲ್ಲಿ ಗುಣಕವನ್ನು 1.21ಕ್ಕೆ ಏರಿಸಿ, ಮೀಟರಿನಲ್ಲಿ 500 ಬಂದದ್ದನ್ನು ನೋಡಿ ಸಮಾಧಾನದಿಂದ ಮನೆಗೆ ಹೋದೆ. ಎರಡು ದಿನದ ಮೇಲೆ ಅಲ್ಲಿನ ನರ್ಸ್ ಎಂದಿನ ಶುಚಿಯಿಂದ ಗಾಜನ್ನು ಒರೆಸಿದರು. ಲೆಕ್ಕ ಹಾಕಿ: 489ಕ್ಕೆ 1.21ರ ಗುಣಕ ಸೇರಿದರೆ ಸುಮಾರು 592 ಮಿಲಿಜೂಲ್. ಪರದೆಯಲ್ಲಿ ಮಾತ್ರ 500. ವೈದ್ಯರು ತಿಂಗಳುಗಳಿಂದ ನಿಜದಲ್ಲಿ ಬಳಸುತ್ತಿದ್ದುದು 412. ಅದಕ್ಕೆ ಹೋಲಿಸಿದರೆ ಎರಡೇ ದಿನದಲ್ಲಿ ಶೇ 43ಕ್ಕೂ ಹೆಚ್ಚಿನ ಏರಿಕೆ. ಕಿವಿಯ ಹಿಂದೆ ಟೆಸ್ಟ್ ಸ್ಪಾಟ್ ಹಾಕಿ ನೋಡುವ ಅಭ್ಯಾಸ ಆ ವೈದ್ಯರಿಗಿದ್ದುದರಿಂದ ಗುಳ್ಳೆ ಎದ್ದದ್ದು ಅಲ್ಲಿ, ಕೆನ್ನೆಯ ಮೇಲಲ್ಲ. ನರ್ಸಿನದು ಯಾವ ತಪ್ಪೂ ಇರಲಿಲ್ಲ. ತಪ್ಪೆಲ್ಲ ನನ್ನದು.

ಗುಣಕ ಬದಲಿಸುವುದಿದ್ದರೆ

ದಾರಿಯ ಎಲ್ಲ ಗಾಜು, ಕನ್ನಡಿಗಳನ್ನು ಪರೀಕ್ಷಿಸಿ, ಲ್ಯಾಂಪಿನ ಪಲ್ಸ್ ಎಣಿಕೆ ನೋಡಿ, ನೀರು ಮತ್ತು ಫಿಲ್ಟರ್ ಬದಲಿಸಿದ ಮೇಲೂ ವ್ಯತ್ಯಾಸ ಉಳಿದು, ಅದು ಎಲ್ಲ ಹಂತದಲ್ಲೂ ಸ್ಥಿರವಾಗಿದ್ದರೆ ಮಾತ್ರ ಗುಣಕವನ್ನು ಮುಟ್ಟಬಹುದು. ಅದೂ ತಯಾರಕರು ಅಧಿಕಾರ ಕೊಟ್ಟ ಎಂಜಿನಿಯರ್ ಆದರೆ. ಹಳೆಯ ಗುಣಕವನ್ನು ಮೊದಲು ಬರೆದಿಟ್ಟುಕೊಂಡು, ನಿಗದಿತ ಮೌಲ್ಯವನ್ನು ಅಳತೆಯ ಮೌಲ್ಯದಿಂದ ಭಾಗಿಸಿ, ಬಂದದ್ದನ್ನು ಹಳೆಯ ಗುಣಕದಿಂದ ಗುಣಿಸಿ ಹೊಸದನ್ನು ಕಂಡುಕೊಂಡು, ನಮೂದಿಸಿ, ಮೊದಲಿನ ಐದೂ ಹಂತಗಳನ್ನು ಹತ್ತು ಹತ್ತು ಪಲ್ಸುಗಳೊಡನೆ ಮತ್ತೆ ಅಳೆಯಬೇಕು. 500ರಲ್ಲಿ ಸರಿಹೋದದ್ದು 100ರಲ್ಲೂ ಸರಿಹೋಗಿದೆ ಎಂದು ಎಣಿಸಬಾರದು. ಲ್ಯಾಂಪ್ ಮುದಿಯಾಗಿದ್ದರೆ ಗುಣಕದಿಂದ ಅದನ್ನು ಎಳೆದಾಡಿಸದೆ ಲ್ಯಾಂಪನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಹೊಸದಾಗಿ ಪೂರ್ತಿ ಅಳತೆಯಾಗಬೇಕು.

ಬೇರೆ ಬಗೆಯ ಯಂತ್ರಗಳು

ಇಂಗಾಲದ ಡೈಆಕ್ಸೈಡ್ ಲೇಸರಿನ ಕಿರಣ 10,600 ನ್ಯಾನೊಮೀಟರಿನದು. ಅದಕ್ಕೆ ಥರ್ಮೋಪೈಲ್ ಬಳಸಿ ವಾಟ್‌ಗಳಲ್ಲಿ ಅಳೆಯಬೇಕು, ಸೆನ್ಸರನ್ನು ಎಂದೂ ಫೋಕಸ್ ಬಿಂದುವಿನಲ್ಲಿ ಇಡಬಾರದು. ಅದರ ಕೀಲುಗೈಯಲ್ಲಿ ಹಲವು ಕನ್ನಡಿಗಳಿರುವುದರಿಂದ ಗುರಿ ತೋರುವ ಕೆಂಪು ಬೆಳಕೂ ನಿಜವಾದ ಕಿರಣವೂ ಒಂದೇ ಕಡೆ ಬೀಳುತ್ತಿವೆಯೇ ಎಂದು ನಾಲಿಗೆ ಒತ್ತಿ ಹಿಡಿಯಲು ಬಳಸುವ ಮರದ ಪಟ್ಟಿಯನ್ನು ಒದ್ದೆ ಮಾಡಿ ಅದರ ಮೇಲೆ ಕಡಿಮೆ ಪವರಿನ ಒಂದು ಗುರುತು ಹಾಕಿ ನೋಡಬೇಕು. ಕೈಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಮತ್ತೆ ನೋಡಬೇಕು.

ಕೂದಲು ತೆಗೆಯುವ 808 ನ್ಯಾನೊಮೀಟರಿನ ಡಯೋಡ್ ಲೇಸರುಗಳ ತುದಿ ಅಗಲವಾಗಿರುತ್ತದೆ. 12 ಮಿಲಿಮೀಟರ್ ಚೌಕದ ತುದಿಯ ವಿಸ್ತೀರ್ಣ 1.44 ಚದರ ಸೆಂಟಿಮೀಟರ್, ಕಿರಣವೂ ಬೇಗ ಹರಡುತ್ತದೆ. ಹಾಗಾಗಿ ಅಗಲ ಕಿಂಡಿಯ ಸೆನ್ಸರ್ ಬೇಕು. ತುದಿಯನ್ನು ಅದಕ್ಕೆ ತಾಗಿಸದೆ, ಆದಷ್ಟು ಹತ್ತಿರ ಹಿಡಿಯಬೇಕು. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಯಂತ್ರ ಲೇಸರೇ ಅಲ್ಲ, ಹಲವು ತರಂಗಾಂತರಗಳ ಬೆಳಕು. ಅದಕ್ಕೆಂದೇ ಮಾಡಿದ ಸೆನ್ಸರ್ ಇಲ್ಲದೆ ಅಳೆದ ಅಂಕಿಗೆ ಬೆಲೆಯಿಲ್ಲ. ಕಣ್ಣಿನ ಲೇಸರುಗಳನ್ನು ಅವುಗಳ ತಯಾರಕರಿಗೇ ಬಿಡಿ.

ದಾಖಲೆ ಮತ್ತು ವೈದ್ಯರಿಗೆ ತಿಳಿಸಬೇಕಾದ ಮಾತು

ದಾಖಲೆಯಲ್ಲಿ ಯಂತ್ರದ ಕ್ರಮಸಂಖ್ಯೆ, ಮೀಟರ್ ಮತ್ತು ಸೆನ್ಸರಿನ ಕ್ರಮಸಂಖ್ಯೆ, ಅವುಗಳ ಪ್ರಮಾಣಪತ್ರದ ದಿನಾಂಕ, ಕೋಣೆಯ ಉಷ್ಣತೆ ಮತ್ತು ತೇವಾಂಶ, ಲ್ಯಾಂಪಿನ ಎಣಿಕೆ, ಒರೆಸುವ ಮುನ್ನ ಮತ್ತು ನಂತರದ ಎಲ್ಲ ಅಂಕಿಗಳು ಇರಬೇಕು, ಬರ್ನ್ ಪೇಪರನ್ನೂ ಲಗತ್ತಿಸಬೇಕು. ಬರೀ ‘ಸರಿಯಿದೆ’ ಎಂದು ಬರೆದ ವರದಿಯನ್ನು ಚಿಕಿತ್ಸಾಲಯದವರು ಒಪ್ಪಿಕೊಳ್ಳಬಾರದು. ಅವಧಿಯ ವಿಷಯದಲ್ಲಿ ಕೈಪಿಡಿ ಹೇಳಿದ್ದನ್ನು ಮೀರಬಾರದು. ನಮ್ಮ ಭಾಗದಲ್ಲಿ ನಾನು ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು ಒಮ್ಮೆ, ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಒಮ್ಮೆ ಅಳೆಯುತ್ತೇನೆ. ಲ್ಯಾಂಪ್, ಫೈಬರ್ ಅಥವಾ ಹ್ಯಾಂಡ್‌ಪೀಸ್ ಬದಲಿಸಿದಾಗ, ಯಂತ್ರವನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿದಾಗ, ಹೊರಗಡೆ ಬಿದ್ದ ಸಿಡಿಲಿಗೆ ಸ್ಟೆಬಿಲೈಸರ್ ಸುಟ್ಟಾಗ, ಹಿಂದಿನ ಅಳತೆ ಎಷ್ಟೇ ಇತ್ತೀಚಿನದಾದರೂ ಹೊಸದಾಗಿ ಅಳೆಯಬೇಕು.

ಹೊರಡುವ ಮುನ್ನ ವೈದ್ಯರ ಎದುರು ಕೂತು ಎರಡು ಅಂಕಿಗಳನ್ನು ತೋರಿಸಬೇಕು: ಮೊದಲು ಬರುತ್ತಿದ್ದದ್ದು 412, ಈಗ ಬರುತ್ತಿರುವುದು 489. ಶಕ್ತಿ ನಿಧಾನವಾಗಿ ಕುಸಿಯುತ್ತ ಬಂದಾಗ ವೈದ್ಯರು ತಮಗರಿವಿಲ್ಲದೆಯೇ ಸೆಟ್ಟಿಂಗನ್ನು ಏರಿಸುತ್ತ ಬಂದಿರುತ್ತಾರೆ, ರೋಗಿಗಳ ಕಡತದಲ್ಲೂ ಆ ಏರಿದ ಅಂಕಿಗಳೇ ಇರುತ್ತವೆ. ಯಂತ್ರ ಸರಿಯಾದ ಮಾರನೆಯ ದಿನ ಹಳೆಯ ಕಡತ ನೋಡಿ ಅದೇ ಅಂಕಿಯನ್ನು ಒತ್ತಿದರೆ ಚರ್ಮಕ್ಕೆ ಶೇ 18ಕ್ಕೂ ಹೆಚ್ಚು ಶಕ್ತಿ ಬೀಳುತ್ತದೆ. ಹಾಸನದ ಆ ವೈದ್ಯೆ ಅಂದೇ ಸಂಜೆ ಚಿಕಿತ್ಸೆಯಲ್ಲಿದ್ದ ಎಲ್ಲ ರೋಗಿಗಳ ಕಡತಗಳನ್ನು ತರಿಸಿ, ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ಕ್ಯಾಲಿಬ್ರೇಶನ್ ದಿನಾಂಕ ಬರೆದು, ಅದರ ಕೆಳಗೆ ‘ಹೊಸ ಟೆಸ್ಟ್ ಸ್ಪಾಟ್ ಹಾಕದೆ ಮುಂದುವರಿಯಬಾರದು’ ಎಂದು ನಮೂದಿಸಿದರು. ಈಗ ನಾನು ಹೋದಲ್ಲೆಲ್ಲ ಅದೇ ಸಾಲಿನ ಲೇಬಲ್ಲುಗಳನ್ನು ಅಚ್ಚು ಹಾಕಿಸಿ ಮೀಟರಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗುತ್ತೇನೆ.